ಲಾವಂಚ: ಸಸಿ ಕೊಳ್ಳಿ, ಬೇರು ಮೂಸಿ ಕೊಳ್ಳಿ, ಹಸಿರು ಬಾಟಲಿ ಬಿಡಿ

ಲಾವಂಚದ ಹೆಸರಿನಲ್ಲಿ ಮಾರಾಟವಾಗುವ ಸರಕು ಒಂದೆರಡಲ್ಲ. ನರ್ಸರಿಯಲ್ಲಿ ಸಸಿ, ಗ್ರಂಧಿಗೆ ಅಂಗಡಿಯಲ್ಲಿ ಬೇರಿನ ಕಟ್ಟು, ಬೇಸಿಗೆ ಬಂದರೆ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಬೇರಿನ ತಟ್ಟಿ ಮತ್ತು ಕೂಲರ್ ಪ್ಯಾಡು, ಆನ್‌ಲೈನ್‌ನಲ್ಲಿ ಎಣ್ಣೆ, ಶರಬತ್ತು, ಮೈ ಉಜ್ಜುವ ಸ್ಕ್ರಬ್ಬರ್, ಕೊನೆಗೆ ಬೀಜದ ಪ್ಯಾಕೆಟ್ಟು ಕೂಡ. ಇವುಗಳಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಗುವುದು ಸಸಿಗೆ. ನೋಡಿ ಕೊಂಡರೆ ಬೇರಿಗೂ ಸಿಗುತ್ತದೆ. ತಟ್ಟಿ, ಪ್ಯಾಡುಗಳ ವಿಷಯ ನೀವು ಯಾವ ಊರಿನವರು ಅನ್ನುವುದರ ಮೇಲೆ ನಿಂತಿದೆ. ಎಣ್ಣೆಯಲ್ಲಿ ಮೋಸಹೋಗುವವರೇ ಹೆಚ್ಚು. ಬೀಜದ ಪ್ಯಾಕೆಟ್ಟನ್ನಂತೂ ಮುಟ್ಟಲೇಬೇಡಿ, ಕಾರಣ ಕೆಳಗಿದೆ.

ಮುಡಿವಾಳ ಎಂದೂ ಕರೆಯುವ ಈ ಹುಲ್ಲು ನಮ್ಮ ನೆಲದ್ದೇ. ಹಳ್ಳದ ದಂಡೆ, ಕೆರೆಯಂಗಳ, ಜೌಗು ಜಾಗಗಳಲ್ಲಿ ತಾನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರದ ಹೆಸರು ಈಗ ಕ್ರೈಸೊಪೋಗನ್ ಜಿಜಾನಿಯಾಯ್ಡಿಸ್. ಹಳೆಯ ಪುಸ್ತಕಗಳಲ್ಲೂ ಕೆಲವು ನರ್ಸರಿ ಪಟ್ಟಿಗಳಲ್ಲೂ ವೆಟಿವೇರಿಯ ಎಂದೇ ಇದೆ, ಎರಡೂ ಒಂದೇ. ಎದೆಮಟ್ಟಕ್ಕೂ ಮೀರಿ ಬೆಳೆಯುವ ಗಟ್ಟಿ ತೆಂಡೆ, ಉದ್ದನೆಯ ಸೆಟೆದ ಎಲೆ. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ. ಸಡಿಲ ಮಣ್ಣಿದ್ದರೆ ಮೊದಲ ವರ್ಷವೇ 2ರಿಂದ 3 ಮೀಟರ್ ಆಳ ಹೋಗುವುದುಂಟು. ಬರ, ಹದಿನೈದು ದಿನ ನಿಂತ ನೀರು, ಸವುಳು ಮಣ್ಣು, ಬೆಂಕಿ ಯಾವುದಕ್ಕೂ ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ನೆರಳಿಗೆ. ಅಡಿಕೆ ತೋಟದೊಳಗೆ, ಮಾವಿನ ಮರದಡಿ ಹಾಕಿದ ಲಾವಂಚ ಎರಡು ವರ್ಷದಲ್ಲಿ ಬಡಕಲಾಗಿ ಮಾಯವಾಗುತ್ತದೆ. ಆಗ ಜನ ಬೈಯುವುದು ನರ್ಸರಿಯವರನ್ನು.

ನಮ್ಮ ದೇಶದಲ್ಲಿ ಇದರ ಎರಡು ಬಗೆಗಳಿವೆ. ಉತ್ತರದ ರಾಜಸ್ಥಾನ, ಉತ್ತರ ಪ್ರದೇಶಗಳ ಕಾಡು ಬಗೆ ಹೂಬಿಟ್ಟು ಬೀಜ ಕಟ್ಟುತ್ತದೆ, ಬೀಜದಿಂದ ಹಬ್ಬುತ್ತದೆ. ದಕ್ಷಿಣದ ಸಾಗುವಳಿ ಬಗೆ ಹೂಬಿಟ್ಟರೂ ಮೊಳೆಯುವ ಬೀಜ ಕೊಡುವುದಿಲ್ಲ, ತೆಂಡೆ ಬಿಡಿಸಿ ನೆಟ್ಟರಷ್ಟೇ ಹೊಸ ಗಿಡ. ಮಣ್ಣು ಕೊಚ್ಚಿಹೋಗದಂತೆ ಹೊಲದ ಬದುವಿಗೆ ನೆಡಲು ಬೇಕಾದ್ದು ಈ ದಕ್ಷಿಣದ ಬಗೆ, ಏಕೆಂದರೆ ಅದು ನೆಟ್ಟ ಸಾಲು ಬಿಟ್ಟು ಹೊಲಕ್ಕೆ ನುಗ್ಗಿ ಕಳೆಯಾಗುವುದಿಲ್ಲ. ಹಾಗಾಗಿ ‘ಲಾವಂಚದ ಬೀಜ, 100 ಕಾಳು’ ಎಂದು ಬರುವ ಪ್ಯಾಕೆಟ್ಟಿನಲ್ಲಿ ಇರುವುದು ಒಂದೋ ಬೇರೆ ಯಾವುದೋ ಹುಲ್ಲಿನ ಬೀಜ, ಇಲ್ಲವೇ ಹೊಲಕ್ಕೆ ತರಬಾರದ ಬಗೆ. ಎರಡೂ ನಷ್ಟವೇ.

ಇನ್ನು ಸಸಿ. ನರ್ಸರಿಗಳು ಎರಡು ರೂಪದಲ್ಲಿ ಕೊಡುತ್ತವೆ. ಒಂದು, ತೆಂಡೆಯಿಂದ ಬಿಡಿಸಿದ ಬರಿಬೇರಿನ ಕಡ್ಡಿ, 50 ಅಥವಾ 100ರ ಕಟ್ಟು. ಇನ್ನೊಂದು, ಪಾಲಿಥೀನ್ ಚೀಲದಲ್ಲಿ ಎರಡು ಮೂರು ತಿಂಗಳು ಬೆಳೆಸಿದ ಗಿಡ. ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ನೆಡುವವರು ಬರಿಬೇರಿನ ಕಡ್ಡಿಯನ್ನೇ ತರಿಸಲಿ: ಅಗ್ಗ, ಸಾಗಣೆ ಸುಲಭ, ಒಳ್ಳೆಯ ಮಳೆಯಿದ್ದರೆ ಬಹುಪಾಲು ಹಿಡಿಯುತ್ತದೆ. ಚೀಲದ ಗಿಡ ಎರಡೇ ಸಂದರ್ಭಕ್ಕೆ ಬೇಕು. ಸತ್ತ ಜಾಗ ತುಂಬಿಸಲು, ಮತ್ತು ಕಡಿದಾದ ದರೆಗೆ. ನೂರು ಮೀಟರ್ ಬದುವಿಗೆಲ್ಲ ಚೀಲದ ಗಿಡ ಹಾಕಿಸುವ ಸಲಹೆ ಬಂದರೆ ಅದು ಮಾರುವವರ ಹಿತದ ಸಲಹೆ.

ಕಟ್ಟು ಬಂದಾಗ ನೋಡಬೇಕಾದ್ದು ಇಷ್ಟು. ಎಲೆ ಹರಿದು ಮೂಸಿ. ನಿಂಬೆ ಪರಿಮಳ ಬಂದರೆ ಅದು ಮಜ್ಜಿಗೆ ಹುಲ್ಲು, ಲಾವಂಚವಲ್ಲ. ಲಾವಂಚದ ಎಲೆಗೆ ವಾಸನೆಯೇ ಇಲ್ಲ, ಇರುವುದೆಲ್ಲ ಬೇರಿಗೆ. ಬುಡ ನೋಡಿ: ಲಾವಂಚದ ಬುಡ ಉರುಟಲ್ಲ, ಎರಡು ಕಡೆಯಿಂದ ಒತ್ತಿದಂತೆ ಚಪ್ಪಟೆ, ಎಲೆಗಳ ಬುಡ ಒಂದರ ಮೇಲೊಂದು ಬೀಸಣಿಗೆಯ ಹಾಗೆ ಕೂತಿರುತ್ತದೆ. ನಡುವೆ ಗಟ್ಟಿ ದಂಟು ಎದ್ದಿದ್ದರೆ ಅದು ಹೂಬಿಟ್ಟ ಹಳೆಯ ತೆಂಡೆ; ಅಂಥದ್ದು ಚಿಗುರುವುದು ಕಡಿಮೆ, ಕಟ್ಟಿನಲ್ಲಿ ಹತ್ತಕ್ಕಿಂತ ಹೆಚ್ಚಿದ್ದರೆ ವಾಪಸ್ ಕಳಿಸಿ. ಎಲೆ ಕಂದಿದ್ದರೆ ಗಾಬರಿ ಬೇಡ. ಬುಡದ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಬಿಳಿ ಅಥವಾ ತಿಳಿಹಸಿರು ಕಂಡರೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿ ಹುಳಿ ವಾಸನೆ ಬಂದರೆ ಸಾಗಣೆಯಲ್ಲಿ ಬೆಂದುಹೋಗಿದೆ. ಈ ಬೇಯುವಿಕೆಗೆ ಕಾರಣ ಪ್ಲಾಸ್ಟಿಕ್. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಕಳಿಸಿದರೆ ಮೂರು ನಾಲ್ಕು ದಿನದ ಪಯಣ ಏನೂ ಮಾಡದು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬಿಸಿಲಿನಲ್ಲಿ ಲಾರಿ ಮೇಲೆ ಕೂತರೆ ಒಂದೇ ದಿನ ಸಾಕು. ಆರ್ಡರ್ ಕೊಡುವಾಗಲೇ ‘ಗೋಣಿಯಲ್ಲಿ ಕಟ್ಟಿ’ ಎಂದು ಹೇಳಿಬಿಡಿ.

ತಳಿಯ ಹೆಸರು ಕೇಳುವ ಅಭ್ಯಾಸವೂ ಒಳ್ಳೆಯದು. ಲಖನೌದ ಸೀಮ್ಯಾಪ್ (ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ) ಧರಿಣಿ, ಗುಲಾಬಿ, ಕೇಸರಿ, ಸಿಮ್-ವೃದ್ಧಿ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಈ ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಇದೆ. ಬೇರು, ಎಣ್ಣೆಗಾಗಿ ಬೆಳೆಯುವವರಿಗೆ ತಳಿ ಮುಖ್ಯ. ಬದುವಿಗೆ ನೆಡುವವರಿಗೆ ಅಷ್ಟಿಲ್ಲ, ಹತ್ತಿರದ ಊರಿನಲ್ಲಿ ಚೆನ್ನಾಗಿ ಬಂದಿರುವ ದಕ್ಷಿಣದ ಬಗೆಯ ತೆಂಡೆ ಸಿಕ್ಕರೆ ಅದೇ ಸಾಕು. ಗುಂಡ್ಲುಪೇಟೆ ಸುತ್ತಿನ ರೈತರು ಹೊಲದ ಗಡಿಗೆ ಲಾವಂಚದ ಸಾಲು ಹಾಕಿಕೊಂಡು ನೂರು ವರ್ಷ ದಾಟಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸಂರಕ್ಷಣೆಗೆ ಇದೇ ಹುಲ್ಲನ್ನು ದೇಶದೇಶಗಳಿಗೆ ಶಿಫಾರಸು ಮಾಡುವುದಕ್ಕಿಂತ ಬಹಳ ಹಿಂದಿನ ಮಾತು ಅದು.

ಲೆಕ್ಕ ಹೀಗಿದೆ. ಬದುವಿಗಾದರೆ ಗುಣಿಯಿಂದ ಗುಣಿಗೆ 10ರಿಂದ 15 ಸೆಂ.ಮೀ., ಗುಣಿಗೆ 2 ಅಥವಾ 3 ಕಡ್ಡಿ. ನೂರು ಮೀಟರ್ ಸಾಲಿಗೆ ಸುಮಾರು 2,000 ಕಡ್ಡಿ ಹಿಡಿಯಿರಿ, ಸಾಯುವ ಲೆಕ್ಕಕ್ಕೆ ನೂರಕ್ಕೆ ಹತ್ತರಂತೆ ಹೆಚ್ಚು ತರಿಸಿ, ಒಂದು ಮೂಲೆಯಲ್ಲಿ ನೆಟ್ಟು ಇಟ್ಟುಕೊಳ್ಳಿ. ನೆಡುವ ಮೊದಲು ಎಲೆಯನ್ನು 20 ಸೆಂ.ಮೀ.ಗೂ, ಬೇರನ್ನು 8ರಿಂದ 10 ಸೆಂ.ಮೀ.ಗೂ ಕತ್ತರಿಸಬೇಕು. ಬೇರು ಉದ್ದ ಬಿಟ್ಟರೆ ಒಳ್ಳೆಯದೆಂದು ಹಾಗೆಯೇ ತುರುಕುವವರಿದ್ದಾರೆ. ಆಗ ಬೇರಿನ ತುದಿ ಗುಣಿಯೊಳಗೆ ಮೇಲ್ಮುಖವಾಗಿ ಮಡಚಿಕೊಂಡು ಗಿಡ ತಿಂಗಳುಗಟ್ಟಲೆ ಸೊರಗಿ ನಿಲ್ಲುತ್ತದೆ. ಕತ್ತರಿಸಿದ ಕಡ್ಡಿಯನ್ನು ಸಗಣಿ ರಾಡಿಯಲ್ಲಿ ಅದ್ದಿ ನೆರಳಲ್ಲಿ ಒಂದು ರಾತ್ರಿ ಇಡಿ. ಮರುದಿನ 5ರಿಂದ 8 ಸೆಂ.ಮೀ. ಆಳಕ್ಕೆ ನೆಟ್ಟು, ಬುಡದ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ. ಎಲೆ ಹಿಡಿದು ಮೆಲ್ಲಗೆ ಎಳೆದರೆ ಕಿತ್ತು ಬರಬಾರದು. ಮಳೆ ಕೈಕೊಟ್ಟರೆ ಮೊದಲ ಹದಿನೈದು ದಿನ ನೀರು ಬೇಕೇ ಬೇಕು. ಎರಡು ವಾರದಲ್ಲಿ ಹಸಿರು ಚಿಗುರು ಕಾಣುತ್ತದೆ.

ಸಾಲು ಹಾಕುವಾಗ ಆಗುವ ತಪ್ಪು ಒಂದೇ, ಆದರೆ ದೊಡ್ಡದು: ಕಣ್ಣಳತೆಯಲ್ಲಿ ನೇರ ಗೆರೆ ಎಳೆಯುವುದು. ಬದು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು. ಗೆರೆ ಸೊಟ್ಟಗಿದ್ದರೆ ಚಿಂತೆಯಿಲ್ಲ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಒಂದಿದ್ದರೆ ಇಬ್ಬರು ಅರ್ಧ ದಿನದಲ್ಲಿ ಗುರುತು ಹಾಕಿ ಮುಗಿಸಬಹುದು. ಮಟ್ಟ ತಪ್ಪಿದರೆ ಮಳೆನೀರು ಸಾಲಿನ ತಗ್ಗಿನ ಕಡೆಗೆ ಓಡಿ ಅಲ್ಲೇ ಒಡೆಯುತ್ತದೆ. ಸಾಲಿನಲ್ಲಿ ಒಂದಡಿ ಖಾಲಿ ಬಿಟ್ಟರೂ ಅದೇ ಗತಿ: ನೀರೆಲ್ಲ ಆ ಕಿಂಡಿಗೆ ನುಗ್ಗಿ ಕೊರಕಲು ಕೊರೆಯುತ್ತದೆ, ಸಾಲೇ ಇಲ್ಲದಿದ್ದಾಗಿನದಕ್ಕಿಂತ ಕೆಟ್ಟದಾಗಿ. ಅದಕ್ಕೇ ಮೊದಲ ಎರಡು ಮಳೆಗಾಲ ಖಾಲಿ ಜಾಗ ತುಂಬಿಸುವುದನ್ನು ಬಿಡಬಾರದು. ಮೂರನೆಯ ವರ್ಷಕ್ಕೆ ತೆಂಡೆಗಳು ಒಂದಕ್ಕೊಂದು ಕೂಡಿ ಗೋಡೆಯಾಗುತ್ತವೆ, ನೀರು ಸೋಸಿ ಹೋಗುತ್ತದೆ, ಮಣ್ಣು ಮೇಲ್ಗಡೆ ನಿಂತು ತಾನೇ ಮೆಟ್ಟಿಲಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ 30ರಿಂದ 50 ಸೆಂ.ಮೀ. ಎತ್ತರಕ್ಕೆ ಸವರಿದರೆ ತೆಂಡೆ ದಟ್ಟವಾಗುತ್ತದೆ. ಸವರಿದ ಎಲೆ ಬಲಿತಿದ್ದರೆ ದನ ತಿನ್ನುವುದಿಲ್ಲ, ಮುಚ್ಚಿಗೆಗೆ ಮಾತ್ರ ಬಹಳ ಒಳ್ಳೆಯದು, ನಿಧಾನ ಕೊಳೆಯುತ್ತದೆ. ಬುಡದಲ್ಲಿ ಗೆದ್ದಲು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಅದು ಸಾಮಾನ್ಯವಾಗಿ ತಿನ್ನುವುದು ಒಣಗಿದ ಎಲೆಯನ್ನು. ಒಣ ಎಲೆ ತೆಗೆದರೆ ಅದೂ ಹೋಗುತ್ತದೆ. ಗೊಣ್ಣೆ ಹುಳು ಹಾಗಲ್ಲ, ಅದು ಹಸಿ ಬೇರನ್ನೇ ಕಡಿಯುತ್ತದೆ, ಕಳಿಯದ ಕೊಟ್ಟಿಗೆ ಗೊಬ್ಬರ ಹಾಕಿದ ಕಡೆ ಹೆಚ್ಚು.

ಕೆಲವು ಮಾರಾಟಗಾರರ ಮಾತೊಂದನ್ನು ಇಲ್ಲೇ ತಳ್ಳಿಹಾಕಬೇಕು. ‘ಬದುವಿಗೆ ನೆಡಿ, ಮಣ್ಣೂ ಉಳಿಯುತ್ತದೆ, ಒಂದೂವರೆ ವರ್ಷಕ್ಕೆ ಬೇರು ಕಿತ್ತು ದುಡ್ಡೂ ಮಾಡಿ’ ಎಂದು ಒಂದೇ ಗಿಡದಿಂದ ಎರಡನ್ನೂ ತೋರಿಸುತ್ತಾರೆ. ಇಳಿಜಾರಿನ ಬದುವಿನಿಂದ ಬೇರು ಕೀಳಲು ಅರ್ಧ ಮೀಟರ್ ಆಳ ಅಗೆಯಬೇಕು. ಮುಂದಿನ ಮಳೆಗೆ ಆ ಬದುವೇ ಇರುವುದಿಲ್ಲ. ಬದುವಿನ ಲಾವಂಚಕ್ಕೆ ಗುದ್ದಲಿ ತಾಗಿಸಬಾರದು. ಬೇರು ಬೇಕಿದ್ದವರು ಸಮತಟ್ಟಾದ, ಮರಳು ಬೆರೆತ ಜಾಗದಲ್ಲಿ ಬೇರೆಯಾಗಿ ಬೆಳೆಯಬೇಕು.

ಆ ಬೆಳೆಯ ಗಣಿತವನ್ನೂ ನೋಡಿ. ಏರು ಮಡಿಯ ಮೇಲೆ 60 × 30 ಸೆಂ.ಮೀ. ಅಂತರದಲ್ಲಿ ಎಕರೆಗೆ 22,000ಕ್ಕೂ ಹೆಚ್ಚು ಕಡ್ಡಿ ಬೇಕು. ನೆಟ್ಟ 15ರಿಂದ 18 ತಿಂಗಳಿಗೆ, ಡಿಸೆಂಬರ್‌ನಿಂದ ಫೆಬ್ರವರಿಯ ಒಣ ದಿನಗಳಲ್ಲಿ ಕೀಳಬೇಕು. ಬೇಗ ಕಿತ್ತರೆ ಬೇರು ಬಿಳಿಚಿ ತೆಳ್ಳಗೆ, ಪರಿಮಳ ಹಸಿ ಹಸಿ. ಎರಡು ವರ್ಷ ದಾಟಿದರೆ ಬೇರು ಕಟ್ಟಿಗೆಯಾಗುತ್ತದೆ. ಎಣ್ಣೆ ತೆಗೆದರೆ ಹೆಕ್ಟೇರಿಗೆ 15ರಿಂದ 25 ಕೆ.ಜಿ., ಎಕರೆಗೆ ಹೇಳುವುದಾದರೆ 6ರಿಂದ 10 ಕೆ.ಜಿ. ಇದಕ್ಕಿಂತ ಎರಡು ಮೂರು ಪಟ್ಟು ಹೇಳಿ, ‘ಎಣ್ಣೆ ನಾವೇ ಕೊಳ್ಳುತ್ತೇವೆ’ ಎಂದು ಸಸಿಗೆ ದುಬಾರಿ ದರ ಹಾಕುವ ಯೋಜನೆಗಳ ಲಾಭ ಸಸಿ ಮಾರಾಟದಲ್ಲೇ ಮುಗಿದಿರುತ್ತದೆ. ಖರ್ಚಿನಲ್ಲಿ ದೊಡ್ಡದು ಕೀಳುವ ಕೂಲಿ. ಮರಳು ನೆಲವಾದರೆ ಬೇರು ಜಾಡಿಸಿದರೆ ಮಣ್ಣು ಬಿಡುತ್ತದೆ, ತಮಿಳುನಾಡಿನ ಕಡಲೂರು ಕರಾವಳಿಯಲ್ಲಿ ಈ ಬೆಳೆ ನೆಲೆ ನಿಂತದ್ದು ಅದರಿಂದಲೇ. ಎರೆ ಭೂಮಿಯಲ್ಲಿ ಗಿಡ ಸೊಗಸಾಗಿ ಬರುತ್ತದೆ, ಬೇರು ಮಾತ್ರ ಹೆಂಟೆಯೊಳಗೇ ಕಡಿದು ಉಳಿಯುತ್ತದೆ. ಮನೆ ಬಳಕೆಗಾದರೆ ಅರ್ಧಕ್ಕೆ ಕತ್ತರಿಸಿದ ಡ್ರಮ್ಮು ಅಥವಾ ಆಳದ ಗ್ರೋ ಬ್ಯಾಗ್ ಸಾಕು: ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ. ಕೀಳುವ ದಿನ ಚೀಲ ಹರಿದು ಪೈಪಿನ ನೀರು ಬಿಟ್ಟರೆ ಇಡೀ ಬೇರು ಒಂದೆಳೆ ಹರಿಯದೆ ಬರುತ್ತದೆ. ತೊಳೆದ ಬೇರನ್ನು ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಹಾಕಿದಷ್ಟೂ ಪರಿಮಳ ಹಾರುತ್ತದೆ.

ಅಂಗಡಿಯ ಬೇರಿನ ಕಟ್ಟು ಕೊಳ್ಳುವವರಿಗೆ ಮೂಗೇ ತಕ್ಕಡಿ. ಎಣ್ಣೆ ತೆಗೆದು ಉಳಿದ ಬೇರನ್ನು ಒಣಗಿಸಿ ಮತ್ತೆ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಹೊರಗಿನಿಂದ ನೋಡಿದರೆ ಗೊತ್ತಾಗದು. ಒಂದೆಳೆ ಮುರಿದು, ಅಂಗೈಯಲ್ಲಿ ಎರಡು ಹನಿ ನೀರು ಹಾಕಿ ಉಜ್ಜಿ ಮೂಸಿ. ಒಳ್ಳೆಯ ಬೇರಿಗೆ ಒದ್ದೆ ಮಣ್ಣು, ಗಂಧದ ಚಕ್ಕೆ ಬೆರೆತ ಘಾಟು ಕೂಡಲೇ ಏಳುತ್ತದೆ. ಎಣ್ಣೆ ತೆಗೆದ ಬೇರಿಗೆ ಬೇಯಿಸಿದ ಹುಲ್ಲಿನ ವಾಸನೆ, ಮುರಿದರೆ ಪುಡಿಪುಡಿ. ಮುಟ್ಟುವ ಮೊದಲೇ ಕಟ್ಟಿನಿಂದ ಗಮ್ಮೆಂದು ಸೆಂಟಿನ ಪರಿಮಳ ಬಂದರೆ ಮೇಲೆ ಏನೋ ಸಿಂಪಡಿಸಿದ್ದಾರೆ. ಬುಡದ ಗಡ್ಡೆ ಸಮೇತ ಇರುವ ಕಟ್ಟು ತೂಕಕ್ಕೆ ನಷ್ಟ, ಆದರೆ ಅಸಲಿ ಎಂಬುದಕ್ಕೆ ಒಳ್ಳೆಯ ಗುರುತು. ಪುಡಿ ಮಾಡಿ ಪ್ಯಾಕ್ ಮಾಡಿದ್ದನ್ನು ಕೊಳ್ಳಲೇಬೇಡಿ, ಅದರಲ್ಲಿ ಏನಿದೆ ಎಂದು ಕಣ್ಣಿಗೂ ತಿಳಿಯದು, ಮೂಗಿಗೂ ತಿಳಿಯದು.

ಕುಡಿಯುವ ನೀರಿಗೆ ಹಾಕುವ ಕ್ರಮ: ಒಂದು ಹಿಡಿ ಬೇರನ್ನು ಮೂರು ನೀರಿನಲ್ಲಿ ತೊಳೆದು, ಕುದಿಯುವ ನೀರು ಸುರಿದು ಐದು ನಿಮಿಷ ಬಿಟ್ಟು ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಐದಾರು ಲೀಟರಿನ ಮಣ್ಣಿನ ಹೂಜಿಗೆ ಇಳಿಬಿಡಿ. ನೀರನ್ನು ದಿನವೂ ಬದಲಿಸಬೇಕು. ಗಂಟನ್ನು ಎರಡು ದಿನಕ್ಕೊಮ್ಮೆ ಬಿಚ್ಚಿ ಒಣಗಿಸಿದರೆ ನಾಲ್ಕೈದು ಸಲ ಬರುತ್ತದೆ, ಬೆರಳಿಗೆ ಲೋಳೆ ತಾಗಿದ ದಿನ ಎಸೆಯಿರಿ. ‘ನೀರನ್ನು ಶುದ್ಧೀಕರಿಸುತ್ತದೆ’ ಎಂದು ಪ್ಯಾಕೆಟ್ ಮೇಲೆ ಬರೆದಿದ್ದನ್ನು ನಂಬಿ ಕಾಯಿಸದ ನೀರು ಕುಡಿಯಬೇಡಿ. ಲಾವಂಚ ರುಚಿ, ಪರಿಮಳ ಕೊಡುತ್ತದೆಯೇ ಹೊರತು ರೋಗಾಣು ಕೊಲ್ಲುವ ಕೆಲಸ ಮಾಡಿಕೊಡುವುದಿಲ್ಲ. ಆಯುರ್ವೇದದಲ್ಲಿ ಉಶೀರವೆಂದು ಜ್ವರದ ಷಡಂಗ ಪಾನೀಯಕ್ಕೆ ಸೇರುವಾಗಲೂ ನೀರನ್ನು ಕುದಿಸಿಯೇ ಮಾಡುವುದು. ಇನ್ನೊಂದು ಎಚ್ಚರ: ಈ ಹುಲ್ಲು ಮಣ್ಣಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕೊಳಚೆ ನೀರು ಶುದ್ಧೀಕರಣಕ್ಕೆ ಇದನ್ನು ಬೆಳೆಸಲು ಅದೂ ಒಂದು ಕಾರಣ. ಅಂಥ ಜಾಗದ ಬೇರು ಚಾಪೆಗೆ ಆದೀತು, ಹೂಜಿಗೆ ಬೇಡ. ಎಲ್ಲಿಂದ ಬಂದದ್ದು ಎಂದು ಹೇಳಲಾಗದ ಅಂಗಡಿಯ ಬೇರನ್ನು ಕುಡಿಯುವ ನೀರಿಗೆ ಬಳಸದಿರುವುದೇ ಲೇಸು.

ತಟ್ಟಿ ಮತ್ತು ಕೂಲರ್ ಪ್ಯಾಡಿನ ವಿಷಯಕ್ಕೆ ಬಂದರೆ, ಕಲಬುರಗಿ, ರಾಯಚೂರು, ಬಳ್ಳಾರಿಯವರು ಕಣ್ಣುಮುಚ್ಚಿ ಕೊಳ್ಳಬಹುದು. ಮಂಗಳೂರು, ಕಾರವಾರದವರಿಗೆ ದಂಡ. ಒದ್ದೆ ಬೇರಿನಿಂದ ನೀರು ಆವಿಯಾದರೆ ತಾನೇ ತಂಪು, ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಆವಿಯಾಗುವುದೆಲ್ಲಿಂದ? ಬಯಲುಸೀಮೆಯಲ್ಲೂ ಗಾಳಿ ಬರುವ ಕಿಟಕಿಗೆ ತಟ್ಟಿ ಕಟ್ಟಿ, ಎದುರಿನ ಕಿಟಕಿ ಒಂದಿಷ್ಟು ತೆರೆದಿಡಬೇಕು. ಎಲ್ಲ ಮುಚ್ಚಿಕೊಂಡು ಕೂತರೆ ಕೋಣೆ ಉಗಿಯ ಪಾತ್ರೆ. ಕೂಲರ್‌ಗೆ ಮರದ ನಾರಿನ ಅಗ್ಗದ ಪ್ಯಾಡಿಗಿಂತ ಲಾವಂಚದ ಪ್ಯಾಡು ಬಾಳಿಕೆ ಬರುತ್ತದೆ, ಜೋತು ಬೀಳುವುದಿಲ್ಲ. ಜೇನುಗೂಡಿನ ಮಾದರಿಯ ಕಾಗದದ ಪ್ಯಾಡಿನಷ್ಟು ತಂಪು ಕೊಡದು, ಪರಿಮಳಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದು ತಿಳಿದೇ ಕೊಳ್ಳಿ. ಕೆಡಿಸುವುದು ಬೋರ್‌ವೆಲ್ಲಿನ ಗಡಸು ನೀರು: ಬೇರಿನ ಮೇಲೆ ಬಿಳಿ ಸುಣ್ಣ ಕಟ್ಟಿ ಗಾಳಿ ನಿಲ್ಲುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಿ. ರಾತ್ರಿ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಹತ್ತು ನಿಮಿಷ ಓಡಿಸಿ ಪ್ಯಾಡು ಒಣಗಿಸಿದರೆ ಬೂಸು ಹಿಡಿಯುವುದಿಲ್ಲ. ಕೊಳ್ಳುವಾಗ ಪ್ಯಾಡನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಮಾತ್ರ ಲಾವಂಚ ಇಟ್ಟು ನಡುವೆ ಬೇರೆ ಹುಲ್ಲಿನ ಬೇರು ತುರುಕಿದ್ದು ಬಣ್ಣದಲ್ಲೇ ಗೊತ್ತಾಗುತ್ತದೆ.

ಎಣ್ಣೆ ಬೇರೆಯದೇ ಲೋಕ. ಹೈಟಿ, ಇಂಡೋನೇಷ್ಯಾದ ಜಾವಾ ಮತ್ತು ರಿಯೂನಿಯನ್ ದ್ವೀಪದ ಎಣ್ಣೆಗಳು ಸುಗಂಧ ಉದ್ಯಮದಲ್ಲಿ ಹೆಸರಾದವು; ಉತ್ತರ ಭಾರತದ ಕಾಡು ಬೇರಿನಿಂದ ತಾಮ್ರದ ಭಟ್ಟಿಯಲ್ಲಿ ಇಳಿಸುವ ‘ರೂಹ್ ಖಸ್’ ಹಸಿರು ಛಾಯೆಯದು. ದಕ್ಷಿಣದ ಎಣ್ಣೆ ಕಂದು. ಭಟ್ಟಿ 18ರಿಂದ 24 ಗಂಟೆಯಾದರೂ ಉರಿಯಬೇಕು, ಏಕೆಂದರೆ ಇದರ ಬೆಲೆಬಾಳುವ ಅಂಶಗಳು ಭಾರ, ತಡವಾಗಿ ಇಳಿಯುತ್ತವೆ. ಸೌದೆ ಉಳಿಸಲು ಎಂಟು ಹತ್ತು ಗಂಟೆಗೆ ನಿಲ್ಲಿಸಿದ ಎಣ್ಣೆ ತೆಳ್ಳಗೆ, ಹಸಿ ಆಲೂಗಡ್ಡೆ ಸಿಪ್ಪೆಯ ವಾಸನೆ. ಅಸಲಿ ಎಣ್ಣೆ ಮಂದ, ಬಾಟಲಿ ಬಗ್ಗಿಸಿದರೆ ಹನಿ ಬೀಳಲು ಯೋಚನೆ ಮಾಡುತ್ತದೆ. ಕಾಗದದ ಪಟ್ಟಿಗೆ ತಾಗಿಸಿ ಮೂರನೆಯ ದಿನ ಮೂಸಿ: ಪರಿಮಳ ಇನ್ನೂ ಇದ್ದು, ಒಳ್ಳೆಯ ಕಡೆಗೇ ತಿರುಗಿರಬೇಕು. ಮೊದಲ ತಾಸು ಅಬ್ಬರಿಸಿ ಸಂಜೆಗೆ ಮಾಯವಾದರೆ ಕಲಬೆರಕೆ. ಎರಡು ಹನಿ ನೀರಿನ ಲೋಟಕ್ಕೆ ಹಾಕಿದಾಗ ಎಣ್ಣೆ ಬೇರೆಯಾಗಿ ನಿಲ್ಲದೆ ಕರಗಿ ಹೋದರೆ ದ್ರಾವಕ ಬೆರೆಸಿದ್ದಾರೆ. ಬ್ಯಾಚ್ ಸಂಖ್ಯೆಗೆ ಹೊಂದುವ ಜಿಸಿ ವರದಿ (ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಪರೀಕ್ಷೆಯ ವರದಿ) ಕೊಡದ ಮಾರಾಟಗಾರರಿಂದ ದೊಡ್ಡ ಬಾಟಲಿ ತರಿಸಬೇಡಿ.

ಸ್ಕ್ರಬ್ಬರ್, ಟೋಪಿ, ಹಾರ, ಗೊಂಬೆ, ಚೀಲ ಇವೆಲ್ಲ ಕೈಕೆಲಸ, ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲೂ ಮಾಡುವವರಿದ್ದಾರೆ. ಕೈಕೆಲಸದ ಬೆಲೆ ಎಂದುಕೊಂಡರೆ ಯಾವುದೂ ದುಬಾರಿಯಲ್ಲ. ಸ್ಕ್ರಬ್ಬರನ್ನು ಬಚ್ಚಲಲ್ಲೇ ಬಿಡದೆ ಗಾಳಿಗೆ ತೂಗುಹಾಕಿದರೆ ಎರಡು ತಿಂಗಳು ಬರುತ್ತದೆ.

ಹಸಿರು ಶರಬತ್ತಿನ ಬಾಟಲಿಯ ಲೇಬಲ್ ಓದಿ ಸಾಕು: ಸಕ್ಕರೆ, ಕೃತಕ ಬಣ್ಣ, ಕೃತಕ ಸುವಾಸನೆ. ಬೇರು ಬೇಯಿಸಿದ ನೀರು ಎಂದೂ ಎಲೆಹಸಿರಾಗುವುದಿಲ್ಲ, ತಿಳಿ ಕಂದಾಗಿರುತ್ತದೆ. ಮನೆಯಲ್ಲೇ ಮಾಡುವವರು 50 ಗ್ರಾಂ ಒಳ್ಳೆಯ ಬೇರನ್ನು ತೊಳೆದು ತುಂಡರಿಸಿ ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಸಿಮಾಡಿ. ಜೋರಾಗಿ ಕುದಿಸಿದರೆ ಬೇರಿನ ಒಗರು ನೀರಿಗೆ ಇಳಿಯುತ್ತದೆ. ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು, ಇಲ್ಲವಾದರೆ ತಳದಲ್ಲಿ ನುಣುಪು ಮಣ್ಣು ಕೂರುತ್ತದೆ. ಒಂದು ಕೆ.ಜಿ. ಸಕ್ಕರೆ ಕರಗಿಸಿ, ಬೆರಳಿಗೆ ಅಂಟುವ ಹದಕ್ಕೆ ಇಳಿಸಿ, ಆರಿದ ಮೇಲೆ ಎರಡು ಚಮಚ ನಿಂಬೆರಸ. ಫ್ರಿಜ್ಜಿನಲ್ಲಿ ತಿಂಗಳಿಡೀ ಕೆಡುವುದಿಲ್ಲ. ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಹಾಕಿದರೆ ಹದವಾಗುತ್ತದೆ.